ರೂಬಲ್ ಇಡುವ ವಿಷಯಕ್ಕೆ

ಮಗಳೇ, ನಿನ್ನ ಮಗ ವೈದ್ಯಕೀಯ ಓದಲು ರಷ್ಯಾಕ್ಕೆ ಹೊರಟಿರುವಾಗ ಆರೂ ವರ್ಷಗಳ ಶುಲ್ಕವನ್ನು ರೂಬಲ್ ಮಾಡಿ ಅಲ್ಲಿನ ಬ್ಯಾಂಕಿನಲ್ಲೇ ಇಡಬಹುದೇ ಎಂದು ಗಾಬರಿಯಿಂದ ಕೇಳಿದ್ದೀಯಲ್ಲ, ಖಂಡಿತ ಇಡಬೇಡ. ನಾನು ಮಾಸ್ಕೋದಲ್ಲಿ ಓದಿದ್ದು, ಅಣ್ಣ ಮಂಗಳೂರಿನ ಬೀಡಿ ಕಾರ್ಮಿಕರ ಸಂಘದಲ್ಲಿ ಕೆಂಬಾವುಟ ಹಿಡಿದದ್ದು ನಿಮಗೆಲ್ಲ ತಿಳಿದದ್ದೇ.

1991ರ ಜನವರಿ 22ರ ರಾತ್ರಿ ಒಂಬತ್ತರ ವಾರ್ತೆಯಲ್ಲಿ, 1961ರ ಮಾದರಿಯ 50 ಮತ್ತು 100 ರೂಬಲಿನ ನೋಟುಗಳು ಮಧ್ಯರಾತ್ರಿಯಿಂದ ಚಲಾವಣೆಯಲ್ಲಿರುವುದಿಲ್ಲ ಎಂದು ಓದಿದರು. ಬದಲಾಯಿಸಿಕೊಳ್ಳಲು ಮೂರು ದಿನ, ಸಾಮಾನ್ಯರಿಗೆ ತಲಾ 1,000 ರೂಬಲಿನ ಮಿತಿ. ಅಂಥದ್ದೇನೂ ಆಗದೆಂದು ಸೋವಿಯತ್ ಒಕ್ಕೂಟದ ಪ್ರಧಾನಿ ಪಾವ್ಲೊವ್ ಅದಕ್ಕೆ ಸ್ವಲ್ಪ ಮೊದಲಷ್ಟೇ ಭರವಸೆ ಕೊಟ್ಟಿದ್ದರು. ನಮ್ಮ ಹಾಸ್ಟೆಲಿನ ಬಾಗಿಲು ಕಾಯುತ್ತಿದ್ದ ಅಜ್ಜಿ, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವರು, ತಮ್ಮ ಉತ್ತರಕ್ರಿಯೆಗೆಂದು ನೂರರ ನೋಟುಗಳನ್ನೇ ಕೂಡಿಟ್ಟಿದ್ದರು. ಹಿಮದಲ್ಲಿ ಅವರ ಜೊತೆ ಸಾಲಿನಲ್ಲಿ ನಿಂತವನು ನಾನು. ಬದಲಾಗಿ ಬಂದಷ್ಟನ್ನು ಅವರು ಸರ್ಕಾರಿ ಉಳಿತಾಯ ಬ್ಯಾಂಕಿಗೇ ಕಟ್ಟಿದರು. 1992ರ ಜನವರಿ 2ರಂದು ಬೆಲೆ ನಿಯಂತ್ರಣ ತೆಗೆದರು. ಆ ವರ್ಷ ಬೆಲೆಗಳು ಸುಮಾರು 26 ಪಟ್ಟಾದವು, ಪಾಸ್‌ಬುಕ್ಕಿನ ಮೊತ್ತ ಮಾತ್ರ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಶವಪೆಟ್ಟಿಗೆಗೆಂದು ಇಟ್ಟ ಹಣಕ್ಕೆ ಕೊನೆಗೆ ಒಂದಿಷ್ಟು ಸಾಸೇಜ್ ಬಂತು. ಆದ್ದರಿಂದ ಮತ್ತೆ ಹೇಳುತ್ತೇನೆ, ಯಾರು ಭರವಸೆ ಕೊಟ್ಟರೂ ಇಡೀ ಹಣವನ್ನು ಅಲ್ಲಿ ಇಡಬೇಡ.

1991ರ ಆಗಸ್ಟಿನಲ್ಲಿ ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಮಾಸ್ಕೋದ ಸಂಸತ್ ಭವನದ ಮುಂದೆ ಟ್ಯಾಂಕಿನ ಮೇಲೆ ಹತ್ತಿ ಕಟ್ಟಾ ಕಮ್ಯುನಿಸ್ಟ್ ನಾಯಕರ ಕ್ಷಿಪ್ರಕ್ರಾಂತಿಯನ್ನು ಧಿಕ್ಕರಿಸಿದಾಗ, ಇನ್ನು ಜನರ ಮಾತು ನಡೆಯುತ್ತದೆಂದು ನಂಬಿ ಕುಣಿದವರಲ್ಲಿ ಆ ಅಜ್ಜಿಯೂ ಇದ್ದರು. 1993ರ ಅಕ್ಟೋಬರ್ 4ರಂದು ಅದೇ ಯೆಲ್ತ್ಸಿನ್ ಅದೇ ಕಟ್ಟಡದೊಳಗಿದ್ದ ಸಂಸತ್ತಿನ ಮೇಲೆ ಟ್ಯಾಂಕುಗಳಿಂದ ಗುಂಡು ಹಾರಿಸಿದರು. ಪ್ರಜಾಪ್ರಭುತ್ವದ ಮಾತಾಡುತ್ತಿದ್ದ ದೊಡ್ಡ ದೇಶಗಳು ಬೆನ್ನು ತಟ್ಟಿದವು. ಊರಿಗೆ ಬಂದು ಇದನ್ನೆಲ್ಲ ಹೇಳಿದರೆ, ಪುಕ್ಕಟೆ ಓದಿಸಿದ ದೇಶವನ್ನು ದೂರುವ ಕೃತಘ್ನ ಎಂದು ಅಣ್ಣ ವರ್ಷಗಟ್ಟಲೆ ಮಾತು ಬಿಟ್ಟರು. ಭಾವನವರೋ, ಕಮ್ಯುನಿಸಂ ಸತ್ತಿತೆಂದು ಸಿಹಿ ಹಂಚಿದರು. ಆ ಮುದುಕಿ ಏನಾದರೆಂದು ಇಬ್ಬರೂ ಕೇಳಲಿಲ್ಲ, ಅದು ನನಗೆ ಇವತ್ತಿಗೂ ಬೇಸರವೇ.

ಇರಲಿ, ಹೇಳಬೇಕಾದದ್ದೇ ಉಳಿದುಬಿಟ್ಟಿತು. ಒಂದೊಂದು ವರ್ಷದ ಶುಲ್ಕವನ್ನಷ್ಟೇ, ಏಜೆಂಟನ ಕೈಗೆ ಕೊಡದೆ ನೇರವಾಗಿ ವಿಶ್ವವಿದ್ಯಾಲಯದ ಖಾತೆಗೆ ಕಟ್ಟಿ ರಸೀದಿ ತೆಗೆದುಕೊಳ್ಳಿ. 2022ರ ಮಾರ್ಚಿನಿಂದ ನಮ್ಮ ವೀಸಾ, ಮಾಸ್ಟರ್‌ಕಾರ್ಡುಗಳು ಅಲ್ಲಿ ನಡೆಯುವುದಿಲ್ಲವಾದ್ದರಿಂದ, ಹುಡುಗನ ಕೈಯಲ್ಲಿ ಮೊದಲ ಕೆಲವು ತಿಂಗಳ ಖರ್ಚಿಗಾಗುವಷ್ಟು ಡಾಲರ್ ನಗದು ಇರಲಿ.