ಎಫೆಮೆರಾಕ್ಕೆ ಕನ್ನಡದಲ್ಲಿ ಏನನ್ನೋಣ?

ಗೆಳೆಯರೇ,

ಒಂದು ಪದ ಬೇಕಾಗಿದೆ. ಒಂದಲ್ಲ, ಎರಡು.

ನನಗೆ ಹಳೇ ಟೀವಿಯ ಕಾಗದ ಕೂಡಿಡುವ ಹುಚ್ಚು. ಟೀವಿ ಅಂದರೆ ನಾವು ಚಿಕ್ಕವರಿದ್ದಾಗ ನೋಡಿದ ಡಬ್ಬವಲ್ಲ, ಅದಕ್ಕೂ ಹಿಂದಿನದು. 1926ರ ಜನವರಿ 26ರಂದು ಲಂಡನ್ನಿನ ಫ್ರಿತ್ ಸ್ಟ್ರೀಟಿನ ಒಂದು ಮಹಡಿ ಕೋಣೆಯಲ್ಲಿ ಜಾನ್ ಲೋಗಿ ಬೇರ್ಡ್ ತೋರಿಸಿದರಲ್ಲ, ತಟ್ಟೆ ತಿರುಗಿಸಿ ಚಿತ್ರ ಮೂಡಿಸುವ ಟೀವಿ, ಅದು. ಆ ಕಾಲದ ಮಾಸಪತ್ರಿಕೆ, ಜಾಹೀರಾತು ಹಾಳೆ, ಬೆಲೆಪಟ್ಟಿ, ಕಾರ್ಯಕ್ರಮದ ಚೀಟಿ ಎಲ್ಲಕ್ಕೂ ಸೇರಿಸಿ ಇಂಗ್ಲಿಷಿನವರು ಎಫೆಮೆರಾ ಎನ್ನುತ್ತಾರೆ. ಮೂಲ ಗ್ರೀಕಿನಲ್ಲಿ ಒಂದೇ ದಿನ ಬಾಳುವುದು ಅಂತ ಅರ್ಥ. ಇವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಶಾಲೆಯ ಮಕ್ಕಳಿಗೆ ತೋರಿಸಬೇಕಾಗಿದೆ. ಪೆಟ್ಟಿಗೆ ಸಿದ್ಧ, ಅಂಟೂ ಸಿದ್ಧ. ಮೇಲಿನ ಚೀಟಿಯ ಹತ್ತಿರ ಸಿಕ್ಕಿಕೊಂಡಿದ್ದೇನೆ.

ಮೊದಲು "ಸ್ಮರಣಿಕೆಗಳು" ಎಂದು ಬರೆದೆ. ಹೆಂಡತಿ ಓದಿ, "ಯಾರಿಗೆ ಸನ್ಮಾನ?" ಅಂದಳು. ನಿಜ ಅಲ್ವಾ? ಸ್ಮರಣಿಕೆ ಅಂದರೆ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ವೇದಿಕೆ ಮೇಲೆ ಕೊಡುವ ಫಳಫಳ ವಸ್ತು. ನೆನಪಿಗೆಂದೇ ಮಾಡಿಸಿದ್ದು. ನನ್ನ ಹತ್ತಿರ ಇರುವುದನ್ನು ಯಾರೂ ನೆನಪಿಗೆಂದು ಅಚ್ಚು ಹಾಕಿಸಲಿಲ್ಲ. ಓದಿ ಬಿಸಾಡಲಿ ಅಂತಲೇ ಹಾಕಿಸಿದ್ದು.

"ಕರಪತ್ರ" ಅಂದರೆ ಕೈಗೆ ಹಂಚುವ ಹಾಳೆ ಮಾತ್ರ. "ರದ್ದಿ" ಅರ್ಥಕ್ಕೆ ಹತ್ತಿರ, ಆದರೆ ಅದನ್ನು ತೂಕಕ್ಕೆ ಹಾಕುತ್ತೇವೆ. "ಅಲ್ಪಾಯುಷಿ ಮುದ್ರಿತ ಸಾಮಗ್ರಿ" ಎಂದು ಬರೆದರೆ ಮಕ್ಕಳು ಪೆಟ್ಟಿಗೆಯ ಹತ್ತಿರವೂ ಸುಳಿಯುವುದಿಲ್ಲ. ಪ್ರೆಸ್ಸಿನವರು "ಜಾಬ್ ವರ್ಕ್" ಅನ್ನುತ್ತಾರೆ. ಲಗ್ನಪತ್ರಿಕೆ, ಬಿಲ್ ಬುಕ್, ಹ್ಯಾಂಡ್‌ಬಿಲ್ಲು ಎಲ್ಲ ಅದರಲ್ಲಿ ಬರುತ್ತವೆ, ಪುಸ್ತಕ ಬರುವುದಿಲ್ಲ. ಚೆನ್ನಾಗಿದೆ, ಆದರೆ ಅದು ಅಚ್ಚು ಹಾಕುವವನ ಮಾತು, ಕೂಡಿಡುವವನದಲ್ಲ.

ಸದ್ಯಕ್ಕೆ ನನಗೆ ಹಿಡಿಸಿರುವುದು "ಬಿಡಿಗಾಗದ". ತೊಡಕು ಒಂದೇ. 1928ರ ಮಾರ್ಚಿನಲ್ಲಿ ಲಂಡನ್ನಿನಲ್ಲಿ ಶುರುವಾದ "ಟೆಲಿವಿಷನ್" ಮಾಸಪತ್ರಿಕೆಯ ಒಂದು ಸಂಚಿಕೆ ನನ್ನಲ್ಲಿದೆ. ಅದಕ್ಕೆ ಪಿನ್ ಹೊಡೆದಿದ್ದಾರೆ. ಪಿನ್ನು ತುಕ್ಕು ಹಿಡಿದು ನಡುಪುಟದಲ್ಲಿ ಎರಡು ಕಂದು ಕಲೆ. ಇದು ಬಿಡಿ ಹೇಗಾಗುತ್ತದೆ? ಒಳಗೆ ನಿಯಾನ್ ದೀಪದ ಜಾಹೀರಾತಿನ ಪಕ್ಕ ಯಾರೋ ಪೆನ್ಸಿಲಿನಲ್ಲಿ ಟಿಕ್ ಹಾಕಿದ್ದಾರೆ. ಕೊಂಡರೋ ಬಿಟ್ಟರೋ! ಆಗ ಹವ್ಯಾಸಿಗಳು ಟೀವಿಯನ್ನು ಮನೆಯಲ್ಲೇ ಕಟ್ಟಿಕೊಳ್ಳುತ್ತಿದ್ದರು. ಒಂದು ಮೋಟಾರು, ಆ ನಿಯಾನ್ ದೀಪ, ಸುರುಳಿಯಾಗಿ 30 ತೂತು ಕೊರೆದ ಒಂದು ತಟ್ಟೆ. ತಟ್ಟೆ ಸೆಕೆಂಡಿಗೆ ಹನ್ನೆರಡೂವರೆ ಸುತ್ತು ಹಾಕಬೇಕು, ಒಂದೊಂದು ತೂತು ಒಂದೊಂದು ಗೆರೆ ಎಳೆಯುತ್ತದೆ. ಈ ತಟ್ಟೆಗೆ ಶ್ಯಾವಿಗೆ ಒರಳಿನ ನೆನಪಲ್ಲಿ "ತೂತುಬಿಲ್ಲೆ" ಎಂದು ಬರೆದುಬಿಟ್ಟೆ. ಇದರಲ್ಲಿ ನನಗೇನೂ ಅನುಮಾನವಿಲ್ಲ.

ಎರಡನೇ ಪದ "ಲುಕರ್-ಇನ್". ರೇಡಿಯೋ ಕೇಳುವವರು ಲಿಸನರ್-ಇನ್ ಆಗಿದ್ದರಿಂದ ಟೀವಿ ನೋಡುವವರು ಲುಕರ್-ಇನ್ ಆದರು. 1933ರ ಏಪ್ರಿಲಿನಲ್ಲಿ ಬಿಬಿಸಿ ಪ್ರಸಾರ ಮಾಡಿದ ಒಂದು ಹಾಡು-ಕುಣಿತದ ಕಾರ್ಯಕ್ರಮದ ಹೆಸರೇ "ಲುಕಿಂಗ್ ಇನ್". ಅದನ್ನು ಒಬ್ಬ ಹವ್ಯಾಸಿ ಮನೆಯಲ್ಲಿ ಗ್ರಾಮಫೋನ್ ಪ್ಲೇಟಿನಂಥ ಅಲ್ಯೂಮಿನಿಯಂ ತಟ್ಟೆಯ ಮೇಲೆ ರೆಕಾರ್ಡ್ ಮಾಡಿಕೊಂಡಿದ್ದ, ಅದು ಇವತ್ತಿಗೂ ಉಳಿದಿದೆ. ನೋಡುಗ, ವೀಕ್ಷಕ ಇಲ್ಲಿ ಸಪ್ಪೆ. ಚಿತ್ರ ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು, ಬಣ್ಣ ಕಿತ್ತಳೆ, ಭೂತಗನ್ನಡಿಯ ಮುಂದೆ ಬಗ್ಗಿ ನೋಡಬೇಕು. ಹಾಗಾಗಿ "ಇಣುಕುಗ" ಅಂದರೆ? ಪಕ್ಕದ ಮನೆಯ ಕಿಟಕಿ ನೆನಪಾಗುತ್ತದೆ ಎಂದು ಮಗ ನಗುತ್ತಾನೆ. ಆದರೆ "ಹೋಗ್ತಾ ಒಂದು ಸಲ ಇಣುಕಿ ಹೋಗಿ" ಅನ್ನುವಾಗ ಕಳ್ಳತನ ಎಲ್ಲಿದೆ?

ಇವಕ್ಕೆಲ್ಲ ಆಗಲೇ ಕನ್ನಡ ಪದ ಯಾಕೆ ಹುಟ್ಟಲಿಲ್ಲ ಎಂದರೆ, ಮೈಸೂರಿನಲ್ಲಿ ಪ್ರೊಫೆಸರ್ ಗೋಪಾಲಸ್ವಾಮಿಯವರ ರೇಡಿಯೋ ಕೇಂದ್ರ ಆಕಾಶವಾಣಿ ಶುರುವಾದ 1935ರ ಸೆಪ್ಟೆಂಬರಿನಲ್ಲೇ ಬಿಬಿಸಿ ಈ 30 ಗೆರೆಯ ಪ್ರಸಾರ ನಿಲ್ಲಿಸಿತು. ನಮ್ಮಲ್ಲಿ ರೇಡಿಯೋಗೇ ಆಗಿನ್ನೂ ಹೊಸ ಹೆಸರು. "ದೂರದರ್ಶನ" ಎಂದು ಮಾತ್ರ ದಯವಿಟ್ಟು ಸೂಚಿಸಬೇಡಿ, ಮಕ್ಕಳು ಚಾನೆಲ್ ಅಂದುಕೊಳ್ಳುತ್ತಾರೆ.

ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದ ಪ್ರೆಸ್ಸಿನಲ್ಲಿ ದುಡಿದವರು ಯಾರಾದರೂ ಇದ್ದೀರಾ? ಒಮ್ಮೆ ಓದಿ ಎಸೆಯುವ ಅಚ್ಚಿಗೆ ನಿಮ್ಮ ಕಡೆ ಜಾಬ್ ವರ್ಕ್ ಬಿಟ್ಟು ಬೇರೆ ಮಾತು ಇತ್ತಾ?