ಪ್ರಶ್ನೋತ್ತರ: ಕಾರ್ಮಿಕ ಪರಿಹಾರ ವಿಮೆಯ ರೇಟಿಂಗ್ ಬ್ಯೂರೋ ವರ್ಷವಿಡೀ ಏನು ಮಾಡುತ್ತದೆ?

ಪ್ರಶ್ನೆ (ಸುಮಾ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ):

ಎಲ್ಲರಿಗೂ ನಮಸ್ಕಾರ. ಆರು ಮಂದಿ ಕೆಲಸಗಾರರೊಂದಿಗೆ ನಾನು ಇಲ್ಲಿ ಒಂದು ಕೇಟರಿಂಗ್ ಅಡುಗೆಮನೆ ನಡೆಸುತ್ತಿದ್ದೇನೆ. ನಮ್ಮ ವರ್ಕರ್ಸ್ ಕಾಂಪ್ (ಕಾರ್ಮಿಕ ಪರಿಹಾರ) ವಿಮೆ ಪ್ರತಿ ವರ್ಷ ಸೆಪ್ಟೆಂಬರ್ 1ರಂದು ನವೀಕರಣವಾಗುತ್ತದೆ. ಪಾಲಿಸಿಯಲ್ಲಿ 9079 ಎಂದಿದ್ದ ವರ್ಗದ ಸಂಖ್ಯೆ 2024ರಲ್ಲಿ 9082 ಆಯಿತು. 2025ರಲ್ಲಿ ಎಕ್ಸ್‌ಮಾಡ್ ಎಂಬ ಕಡೆ 1.10 ಎಂದು ಬಂದು ಪ್ರೀಮಿಯಂ ಹೆಚ್ಚಾಯಿತು. ಇಷ್ಟು ವರ್ಷಗಳಲ್ಲಿ ನಮ್ಮಲ್ಲಿ ಆದ ದೊಡ್ಡ ಅಪಘಾತ ಒಂದೇ: 2022ರ ನವೆಂಬರಿನಲ್ಲಿ ಸಾಂಬಾರಿನ ಕೊಳದಪ್ಪಲೆಯನ್ನು ಇಳಿಸುವಾಗ ಒಬ್ಬರ ಕಾಲಿನ ಮೇಲೆ ಬಿಸಿ ಸಾಂಬಾರು ಚೆಲ್ಲಿ, ಅವರು ಕೆಲವು ವಾರ ಮನೆಯಲ್ಲೇ ಇರಬೇಕಾಯಿತು. ಬ್ರೋಕರನ್ನು ಕೇಳಿದರೆ ‘ಅದು ಬ್ಯೂರೋ ನಿರ್ಧಾರ, ನಮ್ಮ ಕೈಯಲ್ಲಿಲ್ಲ’ ಎನ್ನುತ್ತಾರೆ. ಈ ಬ್ಯೂರೋ ಸರ್ಕಾರದ್ದೇ? ವರ್ಷವಿಡೀ ಅದು ಮಾಡುವ ಕೆಲಸವೇನು? ನಾನು ಎಲ್ಲಿ, ಯಾವಾಗ ಮಾತಾಡಬೇಕು?

ಉತ್ತರ (ರಾಘವೇಂದ್ರ, ವಿಮಾ ಆಕ್ಚುಯರಿ, ಅಂದರೆ ವಿಮೆಯ ಅಪಾಯ ಮತ್ತು ಖರ್ಚಿನ ಲೆಕ್ಕ ಹಾಕುವವರು):

ಸುಮಾ ಅವರೇ, ನಿಮ್ಮ ಬ್ರೋಕರ್ ಹೇಳಿದ್ದು ಕ್ಯಾಲಿಫೋರ್ನಿಯಾದ ವರ್ಕರ್ಸ್ ಕಾಂಪೆನ್ಸೇಶನ್ ಇನ್ಶೂರೆನ್ಸ್ ರೇಟಿಂಗ್ ಬ್ಯೂರೋ ವಿಷಯ. ಅದು ಸರ್ಕಾರಿ ಇಲಾಖೆಯಲ್ಲ. ಈ ರಾಜ್ಯದಲ್ಲಿ ಕಾರ್ಮಿಕ ಪರಿಹಾರ ವಿಮೆ ಮಾರಲು ಪರವಾನಗಿ ಪಡೆದ ಎಲ್ಲ ಕಂಪನಿಗಳೂ ಸೇರಿ 1915ರಿಂದ ನಡೆಸಿಕೊಂಡು ಬಂದಿರುವ, ಲಾಭದ ಉದ್ದೇಶವಿಲ್ಲದ ಸಂಘ ಅದು, ಕಚೇರಿ ಓಕ್‌ಲ್ಯಾಂಡಿನಲ್ಲಿದೆ. ಆದರೆ ಅಂಕಿಅಂಶ ಕಲೆಹಾಕುವ ಅಧಿಕೃತ ಹೊಣೆಯನ್ನು ರಾಜ್ಯದ ವಿಮಾ ಕಮಿಷನರ್ ಅದಕ್ಕೇ ವಹಿಸಿರುವುದರಿಂದ ಅದರ ವರ್ಗೀಕರಣಕ್ಕೂ ಎಕ್ಸ್‌ಮಾಡ್ (ಉದ್ಯಮದ ಹಿಂದಿನ ಗಾಯಗಳ ಲೆಕ್ಕಕ್ಕೆ ತಕ್ಕಂತೆ ಪ್ರೀಮಿಯಂ ಅನ್ನು ಗುಣಿಸುವ ಅಂಕಿ) ನಿಯಮಗಳಿಗೂ ಕಾನೂನಿನ ಬಲವಿದೆ. ಆಡಳಿತ ಸಮಿತಿಯಲ್ಲಿ ವಿಮಾ ಕಂಪನಿಗಳವರಲ್ಲದೆ ಮಾಲೀಕರ ಪರವಾಗಿಯೂ ಕಾರ್ಮಿಕ ಸಂಘಟನೆಗಳ ಪರವಾಗಿಯೂ ಸಾರ್ವಜನಿಕ ಸದಸ್ಯರಿರುತ್ತಾರೆ. ಇದು ಬರೀ ಹೆಸರಿಗೆ ಇರುವ ಏರ್ಪಾಡಲ್ಲ. ದರದ ಚರ್ಚೆ ನಡೆಯುವಾಗ ಆ ಸದಸ್ಯರ ಪರವಾಗಿ ಬೇರೆ ಆಕ್ಚುಯರಿಯೇ ಬೇರೆ ಲೆಕ್ಕವನ್ನು ಮುಂದಿಡುತ್ತಾರೆ.

ವರ್ಷದ ಕೆಲಸದಲ್ಲಿ ಎಲ್ಲರ ಕಣ್ಣಿಗೆ ಬೀಳುವುದು ದರದ ಪ್ರಸ್ತಾವ. ಡಿಸೆಂಬರ್ 31ರವರೆಗಿನ ಪ್ರೀಮಿಯಂ ಮತ್ತು ನಷ್ಟದ ಲೆಕ್ಕ ಎಲ್ಲ ಕಂಪನಿಗಳಿಂದ ಬಂದು ಸೇರಿದ ಮೇಲೆ, ಹಳೆಯ ಗಾಯಗಳಿಗೆ ಇನ್ನೂ ಎಷ್ಟು ಖರ್ಚು ಬಾಕಿಯಿದೆ, ವೈದ್ಯಕೀಯ ವೆಚ್ಚ ಯಾವ ಕಡೆಗೆ ಸಾಗಿದೆ, ಕೂಲಿ ಎಷ್ಟು ಏರಿದೆ ಎಂಬುದನ್ನು ಆಕ್ಚುಯರಿಗಳ ಸಮಿತಿ ಬಹಿರಂಗ ಸಭೆಯಲ್ಲಿ ಕೂತು ಪರಿಶೀಲಿಸುತ್ತದೆ. ಅದರಿಂದ ಹೊರಡುವುದು ಪ್ಯೂರ್ ಪ್ರೀಮಿಯಂ ದರ, ಅಂದರೆ ನೂರು ಡಾಲರ್ ಸಂಬಳಕ್ಕೆ ಗಾಯಾಳುಗಳ ಚಿಕಿತ್ಸೆ, ಪರಿಹಾರ ಮತ್ತು ಆ ಕ್ಲೇಮುಗಳನ್ನು ನಿಭಾಯಿಸುವ ಖರ್ಚಿಗಷ್ಟೇ ಬೇಕಾಗುವ ಮೊತ್ತ. ಕಂಪನಿಯ ಕಮಿಷನ್, ಕಚೇರಿ ವೆಚ್ಚ, ಲಾಭ ಯಾವುದೂ ಇದರಲ್ಲಿ ಸೇರುವುದಿಲ್ಲ. ಪ್ರಸ್ತಾವ ಜೂನಿಗೆ ಮುಂಚೆ ಕಮಿಷನರ್ ಕೈ ಸೇರುತ್ತದೆ, ಸಾರ್ವಜನಿಕ ವಿಚಾರಣೆ ನಡೆಯುತ್ತದೆ, ಸೆಪ್ಟೆಂಬರ್ 1ಕ್ಕೆ ಹೊಸ ದರ ಜಾರಿಗೆ ಬರುತ್ತದೆ. ಹಲವು ವರ್ಷ ಇಳಿಮುಖವಾಗಿದ್ದ ದರವನ್ನು 2025ರಲ್ಲಿ ಸರಾಸರಿ ಶೇ. 11.2ರಷ್ಟು ಏರಿಸಬೇಕೆಂದು ಬ್ಯೂರೋ ಕೇಳಿತ್ತು, ಕಮಿಷನರ್ ಶೇ. 8.7ಕ್ಕೆ ಒಪ್ಪಿದರು. ಒಂದೇ ದಿನದ ಅಪಘಾತದಿಂದಲ್ಲದೆ ವರ್ಷಗಟ್ಟಲೆ ಒಂದೇ ಬಗೆಯ ಕೆಲಸ ಮಾಡಿ ಬೆನ್ನು, ಭುಜ, ಮಣಿಕಟ್ಟು ಸವೆದವರ ಕ್ಲೇಮುಗಳು ಹೆಚ್ಚಿದ್ದು ಆ ಏರಿಕೆಗೆ ಒಂದು ಮುಖ್ಯ ಕಾರಣವಾಗಿತ್ತು.

ಈ ದರ ಕಂಪನಿಗಳಿಗೆ ಸಲಹೆಯಷ್ಟೇ. 1995ಕ್ಕೆ ಮೊದಲು ಕನಿಷ್ಠ ದರ ಎಂಬುದು ಇತ್ತು, ಅದಕ್ಕಿಂತ ಕಡಿಮೆಗೆ ಯಾರೂ ಮಾರುವಂತಿರಲಿಲ್ಲ. ಆ ಕಟ್ಟು ಬಿಚ್ಚಿದ ಮೇಲೆ ಗಿರಾಕಿಗಳಿಗಾಗಿ ಪೈಪೋಟಿಯಿಂದ ದರ ಇಳಿಸಿದ ಹಲವು ಕಂಪನಿಗಳು 2000ದ ಆಸುಪಾಸಿನಲ್ಲಿ ದಿವಾಳಿಯಾದವು. ಯಾರೂ ಪಾಲಿಸಲೇಬೇಕಾದದ್ದಲ್ಲದ ಅಂಕಿಯೊಂದಕ್ಕೆ ಇಷ್ಟೊಂದು ಶ್ರಮ ಏಕೆ ಎಂದು ಹೊಸಬರು ಕೇಳಿದಾಗಲೆಲ್ಲ ನಾನು ಆ ವರ್ಷಗಳನ್ನೇ ನೆನಪಿಸುತ್ತೇನೆ.

ಇನ್ನು ನಿಮ್ಮ 9082. ರಾಜ್ಯದ ಉದ್ಯಮಗಳನ್ನೆಲ್ಲ ಸುಮಾರು 500 ವರ್ಗಗಳಾಗಿ ವಿಂಗಡಿಸಿ, ಕೆಲವನ್ನು ಪ್ರತಿ ವರ್ಷ ಮರುಪರಿಶೀಲನೆಗೆ ಎತ್ತಿಕೊಳ್ಳುತ್ತಾರೆ. 9079ರಲ್ಲಿ ಬಡಿಸುವವರಿರುವ ಹೋಟೆಲು, ಕೌಂಟರಿನಲ್ಲಿ ಕೊಡುವ ಫಾಸ್ಟ್‌ಫುಡ್, ಕೇಟರಿಂಗ್, ಬಾರ್ ಎಲ್ಲವೂ ಒಟ್ಟಿಗಿದ್ದವು. ಬಾಣಲೆಯ ಮುಂದೆ ನಿಲ್ಲುವವರ ಅಪಾಯವೂ, ತುಂಬಿದ ಪಾತ್ರೆಗಳನ್ನು ವ್ಯಾನಿಗೆ ಹತ್ತಿಸಿ ಮದುವೆ ಮನೆಯಲ್ಲಿ ಇಳಿಸುವವರ ಅಪಾಯವೂ ಒಂದೇ ಅಲ್ಲವಾದ್ದರಿಂದ 2024ರ ಸೆಪ್ಟೆಂಬರ್ 1ರಿಂದ ಅವನ್ನು ಬೇರ್ಪಡಿಸಿದರು. 9082 ಎಂದರೆ ಕೇಟರಿಂಗ್; ನಿಮ್ಮ ಮಟ್ಟಿಗೆ ಅದು ಸರಿಯಾಗಿಯೇ ಕಾಣುತ್ತದೆ. ವರ್ಗ ಸರಿಯಿದೆಯೇ ಎಂದು ನೋಡಲು ಬ್ಯೂರೋದ ಇನ್‌ಸ್ಪೆಕ್ಟರುಗಳು ಸ್ಥಳಕ್ಕೇ ಬರುವುದುಂಟು. ಬಂದರೆ ಗಾಬರಿಯಾಗದೆ ಅಡುಗೆಮನೆ ತೋರಿಸಿ, ಯಾರು ಏನು ಮಾಡುತ್ತಾರೆ ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳಿ.

ಎಕ್ಸ್‌ಮಾಡ್ ವಿಷಯವನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ನಿಮ್ಮ ಕೈಯಲ್ಲಿರುವುದು ಇದೇ. ಪ್ರತಿ ಪಾಲಿಸಿ ಶುರುವಾಗಿ 18 ತಿಂಗಳಾದಾಗ, ಆ ಪಾಲಿಸಿಯಡಿ ಕೊಟ್ಟ ಸಂಬಳವೆಷ್ಟು, ಆದ ಗಾಯಗಳೆಷ್ಟು, ಒಂದೊಂದಕ್ಕೂ ಆದ ಮತ್ತು ಆಗಬಹುದಾದ ಖರ್ಚೆಷ್ಟು ಎಂದು ನಿಮ್ಮ ವಿಮಾ ಕಂಪನಿ ಲೆಕ್ಕ ಕಟ್ಟಿ ಬ್ಯೂರೋಗೆ ವರದಿ ಕೊಡಬೇಕು. ಆಮೇಲೆ 30 ತಿಂಗಳಿಗೆ, 42 ತಿಂಗಳಿಗೆ, ಹೀಗೆ ವರ್ಷಕ್ಕೊಮ್ಮೆ ಪರಿಷ್ಕೃತ ವರದಿ ಹೋಗುತ್ತದೆ. 2025ರ ಸೆಪ್ಟೆಂಬರಿನ ನಿಮ್ಮ ಎಕ್ಸ್‌ಮಾಡ್‌ಗೆ ತೆಗೆದುಕೊಂಡದ್ದು 2021, 2022 ಮತ್ತು 2023ರ ಸೆಪ್ಟೆಂಬರಿನಲ್ಲಿ ಶುರುವಾದ ಮೂರು ಪಾಲಿಸಿಗಳನ್ನು. ಲೆಕ್ಕ ಹಾಕಿ ನೋಡಿ: ಮೊದಲನೆಯದಕ್ಕೆ 42 ತಿಂಗಳು, ಎರಡನೆಯದಕ್ಕೆ 30, ಮೂರನೆಯದಕ್ಕೆ 18, ಮೂರೂ ತುಂಬುವುದು 2025ರ ಮಾರ್ಚ್ 1ರಂದೇ. ಆ ದಿನ ನಿಮ್ಮ ಕಂಪನಿಯ ಕಡತದಲ್ಲಿ ಸಾಂಬಾರು ಚೆಲ್ಲಿದ ಕ್ಲೇಮಿನ ಮುಂದೆ ಯಾವ ಅಂಕಿಯಿತ್ತೋ ಅದೇ ವರದಿಗೆ ಹೋಗಿದೆ. ಸೆಪ್ಟೆಂಬರಿನಲ್ಲಿ ಬ್ರೋಕರನ್ನು ಕೇಳುವ ಹೊತ್ತಿಗೆ ಆರು ತಿಂಗಳು ದಾಟಿರುತ್ತದೆ. ಕ್ಲೇಮ್ ಇನ್ನೂ ತೆರೆದೇ ಇದ್ದರೆ ಜನವರಿಯಲ್ಲೇ ವಿಮಾ ಕಂಪನಿಯಲ್ಲಿ ಆ ಕ್ಲೇಮ್ ನೋಡಿಕೊಳ್ಳುವ ಅಡ್ಜಸ್ಟರಿಗೆ ಬರೆದು, ಚಿಕಿತ್ಸೆ ಮುಗಿದಿದೆಯೇ, ಮುಂದಿನ ಖರ್ಚಿಗೆಂದು ತೆಗೆದಿರಿಸಿದ ಮೊತ್ತ ಈಗಿನ ಸ್ಥಿತಿಗೆ ತಕ್ಕಂತಿದೆಯೇ ಎಂದು ಕೇಳಬೇಕು.

1.10 ಹೇಗೆ ಬಂತು ಎಂಬುದಕ್ಕೆ ಊಹೆಯ ಅಂಕಿಗಳಲ್ಲಿ ಒಂದು ಉದಾಹರಣೆ ಕೊಡುತ್ತೇನೆ. ನಿಮ್ಮಷ್ಟೇ ಸಂಬಳ ಕೊಡುವ, ನಿಮ್ಮದೇ ವರ್ಗದ ಉದ್ಯಮದಲ್ಲಿ ಮೂರು ವರ್ಷಕ್ಕೆ 20,000 ಡಾಲರ್ ನಷ್ಟ ಸಹಜವೆಂದು ಇಟ್ಟುಕೊಳ್ಳೋಣ. ಅದರಲ್ಲಿ 8,000 ಪ್ರಾಥಮಿಕ ಭಾಗ, 12,000 ಮಿಗಿಲು ಭಾಗ. ಉದ್ಯಮದ ಗಾತ್ರಕ್ಕೆ ತಕ್ಕಂತೆ ಒಂದು ಮಿತಿ ಇರುತ್ತದೆ. ಯಾವುದೇ ಕ್ಲೇಮಿನಲ್ಲಿ ಆ ಮಿತಿಯವರೆಗಿನದಷ್ಟೇ ಪ್ರಾಥಮಿಕ ಭಾಗ, ಅದೂ ಮೊದಲ 250 ಡಾಲರ್ ಬಿಟ್ಟು; ಮಿತಿ ದಾಟಿದ್ದು ಮಿಗಿಲು ಭಾಗ. ನಿಮ್ಮ ಕ್ಲೇಮಿನಲ್ಲಿ ಅದು 10,000 ಆಯಿತೆನ್ನಿ. ಇದಕ್ಕೆ ಸಹಜವೆಂದುಕೊಂಡ 12,000 ಕೂಡಿಸಿ, 20,000ದಿಂದ ಭಾಗಿಸಿದರೆ 1.10. ಮಿತಿ ದಾಟಿದ ಮೇಲೆ ಆ ಗಾಯಕ್ಕೆ ಮೂವತ್ತು ಸಾವಿರವಾಗಲಿ ಮೂರು ಲಕ್ಷವಾಗಲಿ, ನಿಮ್ಮ ಅಂಕಿ ಬದಲಾಗುವುದಿಲ್ಲ. ಒಂದು ದೊಡ್ಡ ದುರಂತಕ್ಕೆ ಸಣ್ಣ ಉದ್ಯಮ ನೆಲಕಚ್ಚಬಾರದು ಎಂಬ ಈ ಎಚ್ಚರಿಕೆಯನ್ನು ನಾನು ತುಂಬ ಮೆಚ್ಚುತ್ತೇನೆ.

ಮರುಪ್ರಶ್ನೆ (ಸುಮಾ):

ತುಂಬ ಉಪಕಾರವಾಯಿತು ಸರ್. ಹಾಗಿದ್ದರೆ ಇನ್ನೊಂದು ಮಾತು. ಒಗ್ಗರಣೆ ಸಿಡಿದು ಬೆರಳು ಸುಡುವುದು, ತರಕಾರಿ ಹೆಚ್ಚುವಾಗ ಕೊಯ್ದುಕೊಳ್ಳುವುದು ನಮ್ಮಲ್ಲಿ ಆಗಾಗ ಇದ್ದದ್ದೇ. ಅಂಥದ್ದನ್ನು ನಾನೇ ಕೈಯಿಂದ ದುಡ್ಡು ಕೊಟ್ಟು ಹತ್ತಿರದ ಕ್ಲಿನಿಕ್ಕಿನಲ್ಲಿ ತೋರಿಸಿಬಿಟ್ಟರೆ ಎಕ್ಸ್‌ಮಾಡ್ ಉಳಿಯುತ್ತದೆ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗೆ ಮಾಡಬಹುದೇ?

ಉತ್ತರ (ರಾಘವೇಂದ್ರ):

ದಯವಿಟ್ಟು ಮಾಡಬೇಡಿ. ನಾನು ಹೇಳಿದ ಆ 250 ಡಾಲರಿನ ವಿನಾಯಿತಿಯನ್ನು 2019ರಲ್ಲಿ ತಂದದ್ದೇ ಇದಕ್ಕಾಗಿ: ಪಟ್ಟಿ ಕಟ್ಟಿಸಿಕೊಂಡು ಬಂದಷ್ಟಕ್ಕೇ ಮುಗಿಯುವ ಗಾಯ ನಿಮ್ಮ ಎಕ್ಸ್‌ಮಾಡ್ ಅನ್ನು ಏರಿಸುವುದಿಲ್ಲ, ಹಾಗಾಗಿ ಮುಚ್ಚಿಡಲು ಕಾರಣವೇ ಉಳಿಯಬಾರದು ಎಂದು. ಚಿಕಿತ್ಸೆಗೆ ಖರ್ಚಾದ ಗಾಯ ಪ್ರಥಮ ಚಿಕಿತ್ಸೆಯಷ್ಟೇ ಆಗಿದ್ದರೂ ವರದಿಯಾಗಬೇಕು. ಈ ದಿನ ಸಣ್ಣದೆಂದು ಕಂಡ ಸುಟ್ಟ ಗಾಯ ಹತ್ತು ದಿನಕ್ಕೆ ಕೀವುಗಟ್ಟಿದರೆ, ಕೆಲಸದಲ್ಲಿ ಆದದ್ದೆಂಬ ದಾಖಲೆ ಇಲ್ಲದೆ ಆ ಕೆಲಸಗಾರ ಅಲೆದಾಡಬೇಕಾಗುತ್ತದೆ. ನೋವು ಅವರದು, ಅದರ ದಾಖಲೆಯಾದರೂ ಅವರ ಪಾಲಿಗೆ ಇರಲಿ.

ಲೆಕ್ಕದ ದೃಷ್ಟಿಯಿಂದಲೂ ಇದು ಮುಖ್ಯ. 9082ರ ದರ ಹುಟ್ಟುವುದು ರಾಜ್ಯದ ಎಲ್ಲ ಕೇಟರಿಂಗ್ ಅಡುಗೆಮನೆಗಳ ವರದಿ ಸೇರಿ. ವಿಮಾ ಕಂಪನಿಗಳು ಮಾಡಿದ ಸಂಬಳದ ಆಡಿಟ್ ಸರಿಯಿದೆಯೇ ಎಂದು ಬ್ಯೂರೋ ಆಯ್ದ ಪಾಲಿಸಿಗಳಲ್ಲಿ ತಾನೇ ಮತ್ತೆ ಆಡಿಟ್ ಮಾಡಿ ಒರೆಗೆ ಹಚ್ಚುತ್ತದೆ. ಆದರೆ ಯಾರೂ ಬರೆಯದೇ ಬಿಟ್ಟ ಗಾಯವನ್ನು ಯಾವ ಆಡಿಟರೂ ಹುಡುಕಲಾರ.

ಆಡಿಟ್ ಮಾತು ಬಂತಲ್ಲ, ನಿಮ್ಮದಕ್ಕೆ ಮುನ್ನ ಎರಡನ್ನು ನೋಡಿಕೊಳ್ಳಿ. ಗಿರಾಕಿಗಳು ಕೊಡುವ ಟಿಪ್ಸ್ ಸಂಬಳದ ಲೆಕ್ಕಕ್ಕೆ ಸೇರುವುದಿಲ್ಲ. ಓವರ್‌ಟೈಮಿಗೆ ಕೊಡುವ ಒಂದೂವರೆ ಪಟ್ಟಿನಲ್ಲಿ ಆ ಹೆಚ್ಚಿನ ಅರ್ಧ ಭಾಗವೂ ಸೇರುವುದಿಲ್ಲ, ಆದರೆ ಅದನ್ನು ಪೇರೋಲ್ ಪುಸ್ತಕದಲ್ಲಿ ಬೇರೆಯಾಗಿ ತೋರಿಸಿರಬೇಕು. ಹೀಗೆ ಬೇರ್ಪಡಿಸದೆ ಅನಗತ್ಯವಾಗಿ ಹೆಚ್ಚು ಕಟ್ಟುವ ನಮ್ಮವರನ್ನು ಪ್ರತಿ ವರ್ಷ ಕಾಣುತ್ತೇನೆ.

ಪ್ರಶ್ನೆ (ನಾಗರಾಜ್, ಬೆಂಗಳೂರು):

ನಾನು ಇಲ್ಲಿ ದರ್ಶಿನಿಯೊಂದನ್ನು ನಡೆಸುತ್ತೇನೆ, ಇಎಸ್‌ಐ ಕಟ್ಟುತ್ತೇನೆ. ನಮ್ಮಲ್ಲಿ ಇಂಥ ಬ್ಯೂರೋ ಏಕಿಲ್ಲ ರಾಘವೇಂದ್ರ ಅವರೇ?

ಉತ್ತರ (ರಾಘವೇಂದ್ರ):

ನಾಗರಾಜ್ ಅವರೇ, ಇಎಸ್‌ಐ ಕಟ್ಟಿರುವ ಬಗೆಯೇ ಬೇರೆ. 2019ರ ಜುಲೈಯಿಂದ ಮಾಲೀಕರದು ಸಂಬಳದ ಶೇ. 3.25, ಕೆಲಸಗಾರರದು ಶೇ. 0.75, ಸೀರೆ ಅಂಗಡಿಗೂ ಅದೇ, ಲೋಹ ಕರಗಿಸುವ ಕಾರ್ಖಾನೆಗೂ ಅದೇ. ಅಪಾಯಕ್ಕೆ ತಕ್ಕ ದರವಿಲ್ಲದ ಮೇಲೆ ವರ್ಗ ವಿಂಗಡಿಸುವ ಸಂಘದ ಅಗತ್ಯವೂ ಇಲ್ಲ. ಕೆಲಸದ ಗಾಯಕ್ಕಷ್ಟೇ ಅಲ್ಲದೆ ಸಾಮಾನ್ಯ ಕಾಯಿಲೆಗೂ ಹೆರಿಗೆಗೂ ಅದು ಒದಗುತ್ತದೆ, ಅದು ದೊಡ್ಡ ಸಂಗತಿ. ಕ್ಯಾಲಿಫೋರ್ನಿಯಾದಲ್ಲಿ ಒಬ್ಬನೇ ಕೆಲಸಗಾರನಿದ್ದರೂ ಈ ವಿಮೆ ಕಡ್ಡಾಯ, ಪ್ರೀಮಿಯಂನಲ್ಲಿ ಒಂದು ಕಾಸನ್ನೂ ಅವನ ಸಂಬಳದಿಂದ ಹಿಡಿಯುವಂತಿಲ್ಲ. ಆದರೆ ರಕ್ಷಣೆ ಕೆಲಸದಿಂದಾದ ಗಾಯಕ್ಕೆ, ಕಾಯಿಲೆಗೆ ಮಾತ್ರ. ನಿಮ್ಮ ದರ್ಶಿನಿಯಲ್ಲಿ ಒಂದೂ ಗಾಯವಾಗದಿದ್ದರೂ ನಿಮ್ಮ ಶೇ. 3.25 ಇಳಿಯುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಇಳಿಯುತ್ತದೆ. ಮಾಲೀಕರು ಜಾರದ ನೆಲಹಾಸು ಹಾಕಿಸಲು, ಕೊಳದಪ್ಪಲೆಗೆ ಚಕ್ರದ ಗಾಡಿ ತರಿಸಲು ಆ ಇಳಿಕೆ ನಿಜವಾಗಿ ಪ್ರೇರಣೆಯಾಗುವುದನ್ನು ನಾನು ಕಂಡಿದ್ದೇನೆ.

ಮರುಪ್ರಶ್ನೆ (ಸುಮಾ):

ಗಾಡಿಯನ್ನು ಆ ಅಪಘಾತವಾದ ತಿಂಗಳೇ ತರಿಸಿದೆವು ಸರ್. ವರದಿಯಲ್ಲಿ ತಪ್ಪಿದೆ ಎನಿಸಿದರೆ ಯಾರಿಗೆ ಬರೆಯಬೇಕು?

ಉತ್ತರ (ರಾಘವೇಂದ್ರ):

ಮೊದಲು ವಿಮಾ ಕಂಪನಿಗೆ ಬರೆಯಿರಿ, ಏಕೆಂದರೆ ವರದಿ ತಿದ್ದಿ ಕಳುಹಿಸಬೇಕಾದವರು ಅವರೇ. ವರ್ಗದ ಬಗ್ಗೆ ತಕರಾರಿದ್ದರೆ ಬ್ಯೂರೋಗೆ ನೇರವಾಗಿ ವಿಚಾರಣಾ ಪತ್ರ ಬರೆಯಬಹುದು. ಉತ್ತರ ಒಪ್ಪಿಗೆಯಾಗದಿದ್ದರೆ ಲಿಖಿತ ದೂರು, ಅದಕ್ಕೂ ಮೇಲೆ ವಿಮಾ ಕಮಿಷನರ್ ಮುಂದೆ ಮೇಲ್ಮನವಿ. ಪ್ರತಿ ಹಂತಕ್ಕೂ ಗಡುವಿದೆ, ಉತ್ತರ ಪತ್ರದ ತಾರೀಖನ್ನು ಗುರುತು ಹಾಕಿಕೊಳ್ಳಿ. ಪಾಲಿಸಿದಾರರಿಗೆ ದಾರಿ ತೋರಿಸಲೆಂದೇ ಬ್ಯೂರೋದಲ್ಲಿ ಓಂಬುಡ್ಸ್‌ಮನ್ ಇದ್ದಾರೆ, ಅವರನ್ನು ಕೇಳಲು ಸಂಕೋಚ ಬೇಡ. ಸದ್ಯಕ್ಕೆ ಎಕ್ಸ್‌ಮಾಡ್ ವರ್ಕ್‌ಶೀಟ್ (ಆ ಅಂಕಿ ಹೇಗೆ ಬಂತೆಂದು ತೋರಿಸುವ ಲೆಕ್ಕದ ಹಾಳೆ) ತರಿಸಿಕೊಳ್ಳಿ. ಅದರಲ್ಲಿ 2022ರ ಪಾಲಿಸಿಯ ಸಾಲು ಹುಡುಕಿ, ಕ್ಲೇಮಿನ ಮೊತ್ತವನ್ನೂ ಅದು ತೆರೆದಿದೆಯೋ ಮುಚ್ಚಿದೆಯೋ ಎಂಬುದನ್ನೂ ನೋಡಿ. ಕೆಲಸಗಾರರ ಮತ್ತು ಸಂಸ್ಥೆಯ ಗುರುತನ್ನು ಮರೆಮಾಡಿ ಆ ಸಾಲನ್ನು ಇಲ್ಲಿ ಹಾಕಿದರೆ ನಾನು ಕೂತು ಲೆಕ್ಕ ನೋಡಿಕೊಡುತ್ತೇನೆ.