ಅಪ್‌ಡೇಟ್: ತೇಲ್ತಿದ್ದ ಅಜ್ಜಿ ಕೊನೆಗೂ ನೆಲಕ್ಕಿಳಿದ್ಲು

ಹೋದ ವಾರ ಕೇಳಿದ್ನಲ್ಲ, ಆನಿಮೇಷನ್ ಡಿಗ್ರಿ ಎರಡನೇ ವರ್ಷ, ಶೋರೀಲ್‌ಗೆ (ನಮ್ಮ ಕೆಲ್ಸದ ಸ್ಯಾಂಪಲ್ ವಿಡಿಯೋ) ಅಂತ ಬ್ಲೆಂಡರ್ ಅನ್ನೋ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದ ವಾಕ್ ಸೈಕಲ್‌ನಲ್ಲಿ (ಮತ್ತೆ ಮತ್ತೆ ಓಡೋ ನಡಿಗೆ ಆನಿಮೇಷನ್) ಅಜ್ಜಿ ಕ್ಯಾರೆಕ್ಟರ್ ಗಾಳೀಲಿ ತೇಲ್ದಂಗೆ ಕಾಣ್ತಾಳೆ ಅಂತ, ಅದು ಸರಿಹೋಯ್ತು.

ಫ್ರೇಮ್ ಜಾಸ್ತಿ ಮಾಡು ಅಂದಿದ್ರಿ ಕೆಲವ್ರು, ಮಾಡ್ದೆ, ಇನ್ನೂ ನಿಧಾನಕ್ಕೆ ತೇಲಿದ್ಲು ಅಷ್ಟೆ 😄 ಗ್ರಾಫ್ ಎಡಿಟರ್‌ನಲ್ಲಿ ಚಲನೆಯ ಕರ್ವ್ ತಿದ್ದಿ ತಿದ್ದಿ ಎರಡು ರಾತ್ರಿ ಹಾಳು. ಕೆಲ್ಸಕ್ಕೆ ಬಂದಿದ್ದು ಇಂಟರ್‌ಪೊಲೇಷನ್ನ (ಪೋಸ್‌ಗಳ ನಡುವಿನ ಚಲನೆ ಸಾಫ್ಟ್‌ವೇರೇ ತುಂಬೋದು) ಕಾನ್‌ಸ್ಟಂಟ್‌ಗೆ ಹಾಕಿ, ಅಂದ್ರೆ ಆ ನಡುವಿನ ಚಲನೆ ಇಲ್ದಂಗೆ ಮಾಡಿ, ಬರೀ ಪೋಸ್ ನೋಡು ಅಂದೋರ ಮಾತು. ನೋಡಿದ್ರೆ ಡೌನ್ ಪೋಸೇ ಇಲ್ಲ! ಕಾಂಟ್ಯಾಕ್ಟ್ (ಕಾಲು ನೆಲ ಮುಟ್ಟೋದು), ಪಾಸಿಂಗ್ (ಒಂದು ಕಾಲು ಇನ್ನೊಂದನ್ನ ದಾಟೋದು), ಅಪ್ (ಮೈ ಮೇಲೇಳೋದು) ಇಷ್ಟೇ ಇಟ್ಟಿದ್ದೆ, ಕಾಲೂರಿದ್ಮೇಲೆ ಮಂಡಿ ಬಗ್ಗಿ ಸೊಂಟ ಒಂಚೂರು ಕೆಳಗಿಳೀದೆ ಮೈಭಾರ ಎಲ್ಲಿಂದ ಬರ್ಬೇಕು.

ರೆಫರೆನ್ಸ್ ವಿಡಿಯೋ ತೆಗಿ ಅಂದೋರಿಗೂ ಥ್ಯಾಂಕ್ಸ್. ನಮ್ಮಜ್ಜಿ ಅಂಗಳದಲ್ಲಿ ಓಡಾಡೋದನ್ನ ಫೋನಲ್ಲಿ ಹಿಡ್ಕೊಂಡು 24 ಎಫ್‌ಪಿಎಸ್‌ಗೆ (ಸೆಕೆಂಡಿಗೆ 24 ಫ್ರೇಮ್) ಹಾಕಿ ಒಂದೊಂದೇ ಫ್ರೇಮ್ ಎಣಿಸ್ದೆ, ನೋವಿರೋ ಮಂಡಿ ಮೇಲೆ ಭಾರ 11 ಫ್ರೇಮ್ ಅಷ್ಟೆ, ಇನ್ನೊಂದರ ಮೇಲೆ 16! ನಾನು ಎರಡೂ ಕಾಲಿಗೆ 12-12 ಅಂತ ಸಮ ಮಾಡಿಟ್ಟಿದ್ದೆ, ಅದಕ್ಕೇ ಅವಳು ಅಜ್ಜಿ ಥರಾನೂ ಕಾಣ್ತಿರ್ಲಿಲ್ಲ.

ಮುಗಿಸಿ ಅಜ್ಜಿಗೆ ತೋರಿಸ್ದೆ, "ನಾನೇನೋ ಇಷ್ಟೊಂದು ಕುಂಟ್ತೀನಾ" ಅಂತ ಬೈಸ್ಕೊಂಡಿದ್ದೂ ಆಯ್ತು.